ಕರಾವಳಿಯಿಂದ ತರಬೇಕಾದದ್ದು ಯಾವ ಶಾಲೆ?

ಶಾಲೆಯ ವಾರ್ಷಿಕ ವರದಿಗೆ ನಮ್ಮಲ್ಲಿ ಒಂದು ಸಿದ್ಧ ರೂಪವಿದೆ. ಗ್ಯಾದರಿಂಗಿನ ದಿನ ಮುಖ್ಯೋಪಾಧ್ಯಾಯಿನಿ ವೇದಿಕೆಯಲ್ಲಿ ಓದುವ ಆ ನಾಲ್ಕು ಪುಟಗಳಲ್ಲಿ ದಾಖಲಾತಿ ಎಷ್ಟು ಏರಿತು, ಯಾವ ಸ್ಪರ್ಧೆಯಲ್ಲಿ ಯಾರಿಗೆ ಬಹುಮಾನ ಬಂತು, ಹೊಸ ಕೊಠಡಿಗೆ ಯಾರು ದಾನ ಕೊಟ್ಟರು, ಮುಂದಿನ ವರ್ಷ ಸ್ಮಾರ್ಟ್ ಕ್ಲಾಸ್ ಬರುತ್ತದೋ ಶಾಲಾ ಬಸ್ಸು ಬರುತ್ತದೋ ಎಂಬುದೆಲ್ಲ ಇರುತ್ತದೆ. ಮೂರನೇ ಇಯತ್ತೆ ಮುಗಿಸಿದ ಮಕ್ಕಳಲ್ಲಿ ಎಷ್ಟು ಮಂದಿ ಒಂದು ಪುಟ ಕನ್ನಡವನ್ನು ತಾವಾಗಿ ಓದಿ, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಬಲ್ಲರು ಎಂಬ ಸಂಖ್ಯೆ ಮಾತ್ರ ಇರುವುದಿಲ್ಲ. ಕಲಬುರಗಿ ಧರ್ಮಪ್ರಾಂತ್ಯಕ್ಕೆ ಇಪ್ಪತ್ತು ವರ್ಷ ತುಂಬಿದ ಈ ಹೊತ್ತಿನಲ್ಲಿ, ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲೂಕುಗಳಲ್ಲಿ ಕಥೋಲಿಕ ಪ್ರಾಥಮಿಕ ಶಾಲೆಯೊಂದು ತನ್ನ ವರ್ಷದ ಲೆಕ್ಕ ಒಪ್ಪಿಸುವಾಗ ಆ ಸಂಖ್ಯೆ ಮೊದಲ ಪುಟದಲ್ಲಿ ಇರಬೇಕು, ಮುಂದಿನ ಯೋಜನೆಗಳೆಲ್ಲ ಅದರಿಂದಲೇ ಹುಟ್ಟಬೇಕು ಎಂಬುದು ಈ ಲೇಖನದ ವಾದ. ವಾದಕ್ಕೆ ಆಧಾರ ಇತಿಹಾಸದಲ್ಲಿದೆ. ಅದರಲ್ಲೂ ಈ ನೆಲದ ಇತಿಹಾಸ ಮತ್ತು ಇಲ್ಲಿಗೆ ಬಂದು ದುಡಿಯುತ್ತಿರುವ ಅನೇಕ ಗುರುಗಳು, ಸಿಸ್ಟರುಗಳು ಹುಟ್ಟಿ ಬೆಳೆದ ಕರಾವಳಿಯ ಇತಿಹಾಸ, ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದರಲ್ಲಿದೆ.

ಮೊದಲು ಎಲ್ಲರೂ ಬಲ್ಲ ಅಂಕಿಗಳನ್ನೇ ನೋಡೋಣ. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ರಾಜ್ಯಕ್ಕೆ ಮೊದಲು ಬಂತು. ಕಲಬುರಗಿ ಶೇ 42.43ರೊಂದಿಗೆ ಕೊನೆಗೆ ನಿಂತಿತು. ಅದೇ ಮಂಡಳಿ, ಅದೇ ಪ್ರಶ್ನೆಪತ್ರಿಕೆ, ಫಲಿತಾಂಶ ಮಾತ್ರ ಅರ್ಧಕ್ಕೂ ಕಡಿಮೆ. ಈ ಎರಡು ಅಂಕಿಗಳನ್ನು ಕಂಡವರಿಗೆ ಥಟ್ಟನೆ ಹೊಳೆಯುವ ಪರಿಹಾರವೆಂದರೆ ಕರಾವಳಿಯ ಶಾಲೆಯನ್ನೇ ಇಲ್ಲಿಗೆ ತರುವುದು. ಎರಡು ದಶಕಗಳಿಂದ ಈ ಭಾಗದ ಪೋಷಕರು ಕ್ರೈಸ್ತ ಸಂಸ್ಥೆಗಳಿಂದ ಕೇಳುತ್ತ ಬಂದಿರುವುದೂ ಅದನ್ನೇ: ಟೈ ಕಟ್ಟಿದ ಸಮವಸ್ತ್ರ, ಸಿಸ್ಟರುಗಳ ಶಿಸ್ತು, ಎಲ್‌ಕೆಜಿಯಿಂದಲೇ ಇಂಗ್ಲಿಷು, ಒಟ್ಟಿನಲ್ಲಿ ಒಂದು ಕಾನ್ವೆಂಟು. ಬೇಡಿಕೆ ತಪ್ಪೇನಲ್ಲ. ಆದರೆ ಕರಾವಳಿಯ ಆ ತೊಂಬತ್ತೊಂದು ಪ್ರತಿಶತ ಕಾನ್ವೆಂಟಿನಿಂದ ಬಂತೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ.

ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆ. 1854ರ ವುಡ್ ಶಿಫಾರಸಿನ ನಂತರ ಖಾಸಗಿ ಶಾಲೆಗಳಿಗೆ ಸರ್ಕಾರಿ ಅನುದಾನ ಕೊಡುವ ಪದ್ಧತಿ ಬ್ರಿಟಿಷ್ ಆಡಳಿತದ ಭಾಗಗಳಲ್ಲಿ ಬೇರೂರಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾದದ್ದು, ಅದರ ಖ್ಯಾತಿ ಎಲ್ಲರಿಗೂ ಗೊತ್ತು. ಆದರೆ ಆ ಖ್ಯಾತಿಯ ನೆರಳಿನಲ್ಲಿ ಕಾಣದೆ ಹೋದದ್ದು ಚರ್ಚಿನ ಅಂಗಳದಲ್ಲಿ ಹೆಂಚಿನ ಮಾಡಿನಡಿ ನಡೆಯುತ್ತಿದ್ದ ಅನುದಾನಿತ ಕನ್ನಡ ಹಿರಿಯ ಪ್ರಾಥಮಿಕ ಶಾಲೆ. ಶಿಕ್ಷಕರ ಸಂಬಳ ಸರ್ಕಾರದ್ದು, ಕಟ್ಟಡ ಮತ್ತು ಉಸ್ತುವಾರಿ ಚರ್ಚಿನದು. ಹಾಗಾಗಿ ಶುಲ್ಕದ ಭಾರವಿಲ್ಲದೆ ಗೇಣಿ ಒಕ್ಕಲಿನ ಮಗುವೂ ಬೀಡಿ ಕಟ್ಟುವ ಮನೆಯ ಮಗುವೂ ಒಳಗೆ ಬಂದವು. ಬಂದ ಮಕ್ಕಳ ಮನೆಮಾತು ಕೊಂಕಣಿ, ತುಳು ಅಥವಾ ಬ್ಯಾರಿ. ಕನ್ನಡ ಮನೆಮಾತಾಗಿದ್ದವರು ಕೆಲವರೇ. ಶಾಲೆ ಮೊದಲು ಅವರ ಕೈಗೆ ಕನ್ನಡದ ಓದು ಬರಹ ಕೊಟ್ಟಿತು, ಇಂಗ್ಲಿಷು ಅದರ ಮೇಲೆ ಕೂತಿತು. ಕನ್ನಡ ಲಿಪಿ ಅಷ್ಟು ಆಳಕ್ಕೆ ಇಳಿದಿತ್ತೆಂದರೆ, ಮಂಗಳೂರು ಧರ್ಮಪ್ರಾಂತ್ಯದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ 1938ರಿಂದ ಅಚ್ಚಾದದ್ದೇ ಆ ಲಿಪಿಯಲ್ಲಿ. ಮನೆಮಾತಿನ ಪತ್ರಿಕೆಗೆ ಓದುಗರನ್ನು ತಯಾರು ಮಾಡಿಕೊಟ್ಟದ್ದು ಕನ್ನಡ ಶಾಲೆ! ಈಗ ಅಂಥ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅದು ಬೇರೆಯೇ ಕಥೆ, ಬೇರೆಯೇ ದುಃಖ. ಈಗಿನ ಫಲಿತಾಂಶದ ಹಿಂದೆ ಅಂಥ ಶಾಲೆಯಲ್ಲಿ ಓದಿದ ಅಜ್ಜಿ, ತಾಯಿಯರ ಎರಡು ಮೂರು ತಲೆಮಾರು ಇದೆ ಎಂಬುದನ್ನು ಮಾತ್ರ ಇಲ್ಲಿ ಗಮನಿಸಿದರೆ ಸಾಕು.

ಈ ಕಡೆ ಕಥೆ ಬೇರೆ. ಇದು ನಿಜಾಮರ ಸೀಮೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪಾರ್ಸಿ ಹೋಗಿ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಬೋಧನಾ ಮಾಧ್ಯಮ ಮಾಡಿಕೊಂಡು ಹುಟ್ಟಿತು. ದೇಶಿ ಭಾಷೆಯಲ್ಲಿ ವಿಶ್ವವಿದ್ಯಾಲಯ ನಡೆಸಿದ ಆ ಸಾಹಸವನ್ನು ಶಿಕ್ಷಣದ ಇತಿಹಾಸ ಗೌರವದಿಂದ ನೆನೆಯುತ್ತದೆ, ನೆನೆಯಲೂ ಬೇಕು. ಆದರೆ ಭೀಮಾ ತೀರದ ರೈತನ ಮಗುವಿಗೆ ಅದು ದೇಶಿ ಭಾಷೆಯಾಗಿರಲಿಲ್ಲ. ಓದು ಮುಂದುವರಿಯಬೇಕಾದರೆ ಮನೆಯಲ್ಲಿಲ್ಲದ ಭಾಷೆಗೆ ಹಾರಬೇಕು, ಹಾರಲಾರದವರು ಅಲ್ಲಿಗೇ ನಿಲ್ಲಬೇಕು. ಕನ್ನಡದ ಓದನ್ನು ಉಳಿಸಿದ್ದು ಊರಿನವರೇ ಕಟ್ಟಿಕೊಂಡ ಸಂಸ್ಥೆಗಳು: ಕಲಬುರಗಿಯಲ್ಲಿ 1907ರ ನೂತನ ವಿದ್ಯಾಲಯ, 1934ರ ಶರಣಬಸವೇಶ್ವರ ವಿದ್ಯಾವರ್ಧಕ ಸಂಘ. ಅವು ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರಿನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಕರಾವಳಿ ನೂರು ವರ್ಷ ಮುಂದಿತ್ತು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಅವುಗಳಲ್ಲಿ 21 ಕಲಬುರಗಿ ವಿಭಾಗದವೇ ಆಗಿದ್ದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 64.85, ಹೆಣ್ಣುಮಕ್ಕಳದು ಶೇ 55.09, ರಾಜ್ಯದ ಸರಾಸರಿ ಶೇ 75.36. ಇಂದಿನ ಎರಡನೇ ಇಯತ್ತೆಯ ಮಗುವಿಗೆ ಮನೆಯಲ್ಲಿ ಪಾಠ ಹೇಳಿಕೊಡಬೇಕಾದ ತಾಯಂದಿರು ಆ ಗಣತಿಯ ಕಾಲಕ್ಕೆ ಹುಡುಗಿಯರಾಗಿದ್ದವರು.

ಧರ್ಮಪ್ರಾಂತ್ಯ ರೂಪುಗೊಂಡದ್ದು 24 ಜೂನ್ 2005ರಂದು, ರಾಬರ್ಟ್ ಮೈಕಲ್ ಮಿರಾಂಡ ಅವರು ಮೊದಲ ಧರ್ಮಾಧ್ಯಕ್ಷರಾಗಿ. ಆ ವೇಳೆಗೆ ಅನುದಾನದ ಬಾಗಿಲು ಮುಚ್ಚಿತ್ತು. ಕನ್ನಡ ಮಾಧ್ಯಮದಲ್ಲೇ ನಡೆಸಿದರೂ, 1995ರ ನಂತರ ತೆರೆದ ಖಾಸಗಿ ಶಾಲೆಗಳಿಗೆ ಅನುದಾನ ಎಂಬುದು ಇಂದಿಗೂ ಸಂಘಟನೆಗಳ ಮನವಿಪತ್ರದಲ್ಲಿರುವ ಬೇಡಿಕೆ. ತಡವಾಗಿ ಬಂದ ಸಂಸ್ಥೆಗೆ ಉಳಿದದ್ದು ಶುಲ್ಕದ ದಾರಿಯೊಂದೇ. ಶುಲ್ಕ ಕೊಡುವವರು ಇಂಗ್ಲಿಷು ಕೇಳುತ್ತಾರೆ, ಇಂಗ್ಲಿಷು ಕಲಿಸಿದರೆ ಶುಲ್ಕ ಬರುತ್ತದೆ, ಶುಲ್ಕ ಬಂದರೆ ಶಿಕ್ಷಕರಿಗೆ ಸಂಬಳ. ಹೀಗೆ ಯಾರ ದುರುದ್ದೇಶವೂ ಇಲ್ಲದೆ, ಕರಾವಳಿಯಲ್ಲಿ ಬಡವರ ಶಾಲೆಯಾಗಿದ್ದುದು ಬಯಲುಸೀಮೆಗೆ ಬರುವಾಗ ಶುಲ್ಕ ಕಟ್ಟಬಲ್ಲವರ ಶಾಲೆಯಾಯಿತು. ಈ ವ್ಯತ್ಯಾಸವನ್ನು ನಮ್ಮ ಸ್ಮರಣ ಸಂಚಿಕೆಗಳು ಮುಚ್ಚಿಡಬೇಕಾಗಿಲ್ಲ. ಇದು ಲೆಕ್ಕಪತ್ರದಿಂದ ಹುಟ್ಟಿದ್ದು, ಮನಸ್ಸಿನಿಂದಲ್ಲ.

ಇದರ ನಡುವೆ ಕಾನೂನು ಒಂದೇ ದಿನ ಎರಡು ಬಿಡುಗಡೆ ಕೊಟ್ಟಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ, ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದಿತು. ಅದೇ ದಿನ, ಕರ್ನಾಟಕದ ಭಾಷಾ ಮಾಧ್ಯಮ ಪ್ರಕರಣದಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಮಾಧ್ಯಮ ಮಾಡಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ ಎಂದಿತು. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಇರಲಿ ಎನ್ನುತ್ತದೆ. ಎರಡು ತೀರ್ಪುಗಳ ನಡುವೆ ಆ ಮಾತು ನಮ್ಮ ಶಾಲೆಗಳ ಬಾಗಿಲ ಹೊರಗೇ ಉಳಿಯಿತು. ಬಿಡುಗಡೆ ಶಾಶ್ವತವೆಂದು ನೆಚ್ಚಿಕೊಳ್ಳುವ ಹಾಗೂ ಇಲ್ಲ. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ದ್ವಿಸದಸ್ಯ ಪೀಠ ಪ್ರಮತಿ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಲು ಕೋರಿತು. ಅದರ ಹಿಂದಿನ ತಿಂಗಳು, ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಲೆಂದು ಶಿಫಾರಸು ಮಾಡಿತ್ತು. ನಾಳೆ ಕಾನೂನು ಯಾವ ಕಡೆಗಾದರೂ ಹೊರಳಲಿ, ಹೊರಗಿನವರು ಹೇಳುವ ಮೊದಲೇ ತಾನಾಗಿ ಮಾಡಿದ ಶಾಲೆಗೆ ಒಂದು ಗೌರವವಿದೆ.

ಈಗ ಈ ವರ್ಷಕ್ಕೆ ಬರೋಣ. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರಿಗೆ ಭೀಮಾ ಉಕ್ಕಿ, ಸೊನ್ನ ಬ್ಯಾರೇಜಿನ ಕೆಳಗೆ ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಊರುಗಳಿಗೆ ನುಗ್ಗಿತು. 2020ರ ಅಕ್ಟೋಬರಿನಲ್ಲೂ ಇದೇ ಆಗಿತ್ತು. ಆಗ ಕೊರೊನಾದಿಂದ ಶಾಲೆಗಳೇ ಮುಚ್ಚಿದ್ದರಿಂದ ಕಲಿಕೆಯ ನಷ್ಟ ಯಾರ ಲೆಕ್ಕಕ್ಕೂ ಬರಲಿಲ್ಲ. ಆ ಸಲ ಒಂದರಿಂದ ಐದನೇ ತರಗತಿಯ ಬಾಗಿಲು ಮತ್ತೆ ತೆರೆದದ್ದು 25 ಅಕ್ಟೋಬರ್ 2021ಕ್ಕೆ, ಹತ್ತೊಂಬತ್ತು ತಿಂಗಳ ಮೇಲೆ. ಈ ಸಲ ಮಳೆ ಹೆಸರು, ಉದ್ದನ್ನು ಕೆಡಿಸಿತು, ತೊಗರಿಯ ಬೇರು ಕೊಳೆಸಿತು. ಇದು ತೊಗರಿಯ ಕಣಜ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ತೊಗರಿ ಕೈಕೊಟ್ಟ ವರ್ಷ ಏನಾಗುತ್ತದೆಂದು ಇಲ್ಲಿನ ಹಾಜರಿ ಪುಸ್ತಕಗಳಿಗೆ ಚೆನ್ನಾಗಿ ಗೊತ್ತು. ದಸರೆ ದಾಟಿದ ಮೇಲೆ ಗುಳೆ ಶುರು: ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲಿಕ್ಕೆ. ಎಳ್ಳ ಅಮಾವಾಸ್ಯೆಯ ಚರಗಕ್ಕೆ ಊರಿಗೆ ಬಂದ ಕುಟುಂಬ ಮತ್ತೆ ಹೊರಟರೆ ಯುಗಾದಿಗೇ ಮುಖ ತೋರಿಸುವುದು. ಇದರ ಜೊತೆಗೆ, ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗಾಗಿ ಅಕ್ಟೋಬರಿನಲ್ಲಿ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ನೇ ತಾರೀಕಿನವರೆಗೆ ವಿಸ್ತರಿಸಲಾಯಿತು. ಅನುದಾನರಹಿತ ಶಾಲೆಗಳಿಗೆ ಆ ಆದೇಶ ಇರಲಿಲ್ಲ. ಪಕ್ಕದ ಸರ್ಕಾರಿ ಶಾಲೆಗೆ ಬೀಗ ಬಿದ್ದಿದ್ದ ಆ ದಿನಗಳಲ್ಲಿ ನಮ್ಮ ಶಾಲೆಗಳಿಗೆ ಪಾಠ ನಡೆಸುವ ಅವಕಾಶವಿತ್ತು. ಇಂಥ ವರ್ಷದ ವರದಿಯಲ್ಲಿ ಜೂನ್ ತಿಂಗಳ ದಾಖಲಾತಿ ಸಂಖ್ಯೆಯೊಂದನ್ನೇ ಬರೆದರೆ ಏನು ತಿಳಿದೀತು? ಜೂನ್, ಅಕ್ಟೋಬರ್, ಜನವರಿ, ಮಾರ್ಚ್ ನಾಲ್ಕೂ ತಿಂಗಳ ಹಾಜರಿಯನ್ನು ಪಕ್ಕಪಕ್ಕ ಬರೆದರೆ ಶಾಲೆ ಮಕ್ಕಳನ್ನು ಕಳೆದುಕೊಳ್ಳುವುದು ಎಲ್ಲಿ ಎಂಬುದು ಕಣ್ಣಿಗೆ ಕಾಣುತ್ತದೆ. ಓದು ಹತ್ತಿದ ಮಗು ಮೂರು ತಿಂಗಳು ತಪ್ಪಿಸಿಕೊಂಡರೂ ಬಂದು ಕೂಡಿಕೊಳ್ಳುತ್ತದೆ. ಅಕ್ಷರ ಕೂಡಿಸುವ ಹಂತದಲ್ಲಿ ಹೋದ ಮಗು ಬಂದಾಗ ಪರಕೀಯ. ಮೂರನೇ ಇಯತ್ತೆಯ ಮೇಲೆ ಇಷ್ಟು ಒತ್ತು ಹಾಕುತ್ತಿರುವುದು ಇದಕ್ಕೇ. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಮೂರನೇ ತರಗತಿಯ ಶೇ 27.1 ಮಕ್ಕಳು ಮಾತ್ರ ಎರಡನೇ ತರಗತಿಯ ಪಾಠ ಓದಬಲ್ಲರು. ಉಳಿದವರಲ್ಲಿ ಹೆಚ್ಚಿನವರು ಮುಂದಿನ ತರಗತಿಗಳಲ್ಲಿ ಕಲಿಯುವುದಿಲ್ಲ, ಕೂತಿರುತ್ತಾರೆ.

ಪೋಷಕರು ಕನ್ನಡಕ್ಕಾಗಿ ಕಾನ್ವೆಂಟಿಗೆ ದುಡ್ಡು ಕೊಡುತ್ತಾರೆಯೇ ಎಂಬುದು ಮೊದಲ ಆಕ್ಷೇಪ, ಅದೇ ಬಲವಾದದ್ದೂ ಹೌದು. ಕನ್ನಡ ಬೇಕಾದರೆ ಸರ್ಕಾರಿ ಶಾಲೆ ಇದೆಯಲ್ಲ ಎನ್ನುವವರಿದ್ದಾರೆ. ಆದರೆ ಸರ್ಕಾರವೇ 2019ರಿಂದ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುತ್ತ ಬಂದಿದೆ. ಕನ್ನಡ ಅವರ ಪಾಲು, ಇಂಗ್ಲಿಷು ನಮ್ಮ ಪಾಲು ಎಂಬ ಹಂಚಿಕೆ ಆಗಲೇ ಮುರಿದುಬಿದ್ದಿದೆ. ಮೇಲಾಗಿ ಈ ವಾದ ಇಂಗ್ಲಿಷ್ ಬಿಡಿ ಎನ್ನುತ್ತಿಲ್ಲ. ಕನ್ನಡ ಭಾಷಾ ಕಲಿಕೆ ಕಾಯ್ದೆ, 2015ರ ಪ್ರಕಾರ ಯಾವ ಮಾಧ್ಯಮದ ಶಾಲೆಯಾದರೂ ಕನ್ನಡ ಕಲಿಸಲೇಬೇಕು. ಕೇಳುತ್ತಿರುವುದು ಇಷ್ಟೇ: ಆ ಕನ್ನಡದ ಪಿರಿಯಡ್ಡು ಇನ್ಸ್‌ಪೆಕ್ಷನ್ನಿಗೆ ತೋರಿಸುವ ಪಿರಿಯಡ್ಡು ಆಗದೆ, ಮೊದಲ ಮೂರು ವರ್ಷ ದಿನದ ಮೊದಲ ತಾಸು ಅದಕ್ಕೇ ಮೀಸಲಾಗಲಿ, ಶಾಲೆಯ ಅತ್ಯುತ್ತಮ ಶಿಕ್ಷಕಿ ಆ ತಾಸು ತೆಗೆದುಕೊಳ್ಳಲಿ. ಒಂದು ಭಾಷೆಯಲ್ಲಿ ಓದಿನ ಗುಟ್ಟು ಸಿಕ್ಕ ಮಗುವಿಗೆ ಎರಡನೆಯದು ಹತ್ತುವುದು ಸುಲಭ. ಅರ್ಥವಾಗದ ಪದಗಳನ್ನು ಬಾಯಿಪಾಠ ಮಾಡಿದ ಮಗುವಿಗೆ ಎರಡೂ ಹತ್ತುವುದಿಲ್ಲ. ಇಷ್ಟಾದರೂ ಪಕ್ಕದ ಶಾಲೆ ಮೊದಲ ದಿನದಿಂದ ಇಂಗ್ಲಿಷ್ ರೈಮ್ಸ್ ಹಾಡಿಸುತ್ತದೆಂದು ಕೆಲವು ಮಕ್ಕಳ ಟಿ.ಸಿ. ಹೋಗುವುದು ನಿಜ. ಆ ನಷ್ಟವನ್ನು ಮುಂಚೆಯೇ ಲೆಕ್ಕಕ್ಕೆ ಹಿಡಿಯಬೇಕು.

ಕನ್ನಡವೇ ಇಲ್ಲಿನ ಮಕ್ಕಳ ಮಾತೃಭಾಷೆಯೇ ಎಂದು ಕೇಳುವವರ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ತಾಂಡಾದ ಮಗು ಲಂಬಾಣಿ ಆಡುತ್ತದೆ. ಆಳಂದ ಪೇಟೆಯ ಎಷ್ಟೋ ಮನೆಗಳದು ದಖನಿ. ಸೊಲ್ಲಾಪುರದ ಗಡಿಗೆ ಹತ್ತಿದ ಊರುಗಳಲ್ಲಿ ಮರಾಠಿ. ಇನ್ನು ಕನ್ನಡದ ಮನೆಯ ಮಗುವೂ ಆಡುವುದು ‘ಹೊಂಟೀನಿ’; ಪುಸ್ತಕದಲ್ಲಿರುವುದು ‘ಹೋಗುತ್ತಿದ್ದೇನೆ’. ಉಡುಪಿಯ ಕನ್ನಡ ಕಲಿತುಬಂದ ಸಿಸ್ಟರಿಗೆ ಮಗುವಿನ ಮಾತು ತಪ್ಪಾಗಿ ಕೇಳಿಸಬಹುದು, ಮಗುವಿಗೆ ಸಿಸ್ಟರ ಮಾತು ಇಂಗ್ಲಿಷಿನಷ್ಟೇ ದೂರ ಎನಿಸಬಹುದು. ಈ ಆಕ್ಷೇಪಕ್ಕೆ ಉತ್ತರ ಮತ್ತೆ ಕರಾವಳಿಯಲ್ಲೇ ಇದೆ. ತುಳು, ಕೊಂಕಣಿಯ ಮಕ್ಕಳು ಕನ್ನಡದಲ್ಲಿ ಓದು ಕಲಿತದ್ದು ಅವರ ಕನ್ನಡ ಮೇಷ್ಟ್ರು, ಟೀಚರು ಅವರಂತೆಯೇ ತುಳು, ಕೊಂಕಣಿ ಬಲ್ಲವರಾಗಿದ್ದುದರಿಂದ. ಮಗು ಮನೆಮಾತಿನಲ್ಲಿ ಕೇಳಿದರೆ ಉತ್ತರ ಅದೇ ಮಾತಿನಲ್ಲಿ ಸಿಗುತ್ತಿತ್ತು. ಹಾಗಾದರೆ ಇಲ್ಲಿ ಒಂದನೇ ಇಯತ್ತೆಗೆ ಬೇಕಾದವರು ಇದೇ ತಾಲೂಕಿನ, ತಾಂಡಾದ, ಪೇಟೆಯ, ಡಿ.ಇಡಿ. ಮಾಡಿದ ಹೆಣ್ಣುಮಕ್ಕಳು. ಕೆಲವೇ ವರ್ಷಕ್ಕೆ ವರ್ಗವಾಗುವ ಸಿಸ್ಟರುಗಳಿಗಿಂತ ಅವರು ಹೆಚ್ಚು ಕಾಲ ನಿಲ್ಲುತ್ತಾರೆ ಎಂಬುದು ಇನ್ನೊಂದು ಲಾಭ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಓದಿದ ಸ್ಥಳೀಯರು ಸಿಗುವುದಿಲ್ಲ ಎಂಬ ಮಾತು ಈಗ ನಿಲ್ಲದು.

ಮತಾಂತರದ ಗುಮಾನಿಯ ಬಗ್ಗೆ ಎರಡೇ ಮಾತು. ರಾಜ್ಯದಲ್ಲಿ ಕ್ರೈಸ್ತರ ಪ್ರಮಾಣ 2011ರ ಗಣತಿಯಂತೆ ಶೇ 1.87, ಈ ಭಾಗದ ಶಾಲೆಗಳಲ್ಲಿ ಓದುವ ಮಕ್ಕಳು ಬಹುಪಾಲು ಬೇರೆ ಧರ್ಮದವರು. 2024ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ತನ್ನ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿ ಕ್ರೈಸ್ತ ಆಚರಣೆಗಳನ್ನು ಇತರ ಮಕ್ಕಳ ಮೇಲೆ ಹೇರಬಾರದು, ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಎನ್ನುತ್ತದೆ. ಆ ಪೀಠಿಕೆಯನ್ನು ಮಕ್ಕಳು ಅರ್ಥವಾಗುವ ಕನ್ನಡದಲ್ಲಿ, ತಾವೇ ಓದಿ ಹೇಳುವಂತಾದರೆ ಗುಮಾನಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇರೊಂದಿಲ್ಲ.

ಶುಲ್ಕದ ಪ್ರಶ್ನೆ ಮಾತ್ರ ಇಷ್ಟು ಬೇಗ ಬಗೆಹರಿಯುವಂಥದ್ದಲ್ಲ. ಬಿಸಿಯೂಟದ ‘ಅಕ್ಷರ ದಾಸೋಹ’ 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. 2021ರ ಡಿಸೆಂಬರಿನಿಂದ ಈ ಭಾಗದ ಮಕ್ಕಳ ತಟ್ಟೆಗೆ ಮೊಟ್ಟೆಯೂ ಬಂತು. ಅದೆಲ್ಲ ಸರ್ಕಾರಿ, ಅನುದಾನಿತ ಶಾಲೆಗಳಿಗೆ. ನಮ್ಮ ಶಾಲೆಗೆ ಮಗುವನ್ನು ಕಳಿಸುವ ಕೂಲಿಕಾರ ತಂದೆ ಶುಲ್ಕ ಕೊಡುವುದಷ್ಟೇ ಅಲ್ಲ, ಮಧ್ಯಾಹ್ನದ ಊಟವನ್ನೂ ಬಿಟ್ಟುಕೊಡುತ್ತಾನೆ. ಎರಡನೆಯ ವ್ಯಾಟಿಕನ್ ಮಹಾಸಭೆ 28 ಅಕ್ಟೋಬರ್ 1965ರಂದು ಹೊರಡಿಸಿದ ಶಿಕ್ಷಣದ ಘೋಷಣೆ, ಬಡವರ ಮಕ್ಕಳ ಹಾಗೂ ವಿಶ್ವಾಸದ ಹೊರಗಿರುವವರ ಬಗ್ಗೆ ಕಥೋಲಿಕ ಶಾಲೆ ವಿಶೇಷ ಕಾಳಜಿ ವಹಿಸಬೇಕೆಂದು ಕೇಳಿತ್ತು. ಅದಕ್ಕೆ ಅರವತ್ತು ವರ್ಷ ತುಂಬಿದ್ದೂ ಇದೇ ಶಾಲಾ ವರ್ಷದಲ್ಲಿ. ಶುಲ್ಕವಿಲ್ಲದೆ ಶಾಲೆ ನಡೆಸಿ ಎಂದು ಪುಕ್ಕಟೆ ಉಪದೇಶ ಮಾಡುವುದು ಸುಲಭ. ಸಂಬಳ ಕೊಡುವವರಿಗೆ ಅದರ ಕಷ್ಟ ಗೊತ್ತು. ಆದರೆ ಗುಳೆ ಹೋಗುವ ಮನೆಯ ಮಕ್ಕಳಿಗಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ಕೆಲವು ಹಾಸಿಗೆಗಳನ್ನು ಇಟ್ಟುಕೊಳ್ಳುವುದು, ಸಂಜೆ ಖಾಲಿ ಬೀಳುವ ಅದೇ ಕೊಠಡಿಯಲ್ಲಿ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೂ ಓದಿನ ತಾಸು ನಡೆಸುವುದು, ಇವು ಶುಲ್ಕದ ಲೆಕ್ಕವನ್ನು ಮುಳುಗಿಸುವ ಖರ್ಚುಗಳಲ್ಲ. ಹೊಸ ಕಂಪ್ಯೂಟರ್ ಲ್ಯಾಬಿಗೆ ದಾನಿಗಳನ್ನು ಹುಡುಕುವಷ್ಟೇ ಶ್ರಮಪಟ್ಟರೆ ಇದಕ್ಕೂ ಜನ ಸಿಗುತ್ತಾರೆ.

ಆದ್ದರಿಂದ ಈ ಮೂರು ತಾಲೂಕುಗಳಲ್ಲಿ ಶಾಲೆ ನಡೆಸುವ ಮುಖ್ಯಸ್ಥರಲ್ಲಿ ಕೋರಿಕೆ ಇದು. ಈ ಮಾರ್ಚಿಗೆ ಮೂರನೇ ಇಯತ್ತೆಯ ಪ್ರತಿ ಮಗುವನ್ನೂ ಕರೆದು, ಪಾಠ ಮಾಡದ ಒಂದು ಪುಟ ಕನ್ನಡ ಓದಿಸಿ. ಓದಿದವರ ಸಂಖ್ಯೆಯನ್ನು, ಅದು ಎಷ್ಟೇ ಇರಲಿ, ವರದಿಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳೂ ಓದಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ‘ನಿಪುಣ್ ಭಾರತ್’ ಯೋಜನೆಯಲ್ಲಿ ಹಾಕಿಕೊಂಡ ಗಡುವು 2026–27. ಆ ವರ್ಷ ಮೂರನೇ ಇಯತ್ತೆಗೆ ಬರುವ ಮಕ್ಕಳು ಈಗ ನಿಮ್ಮ ಎರಡನೇ ಇಯತ್ತೆಯಲ್ಲಿ ಕೂತಿದ್ದಾರೆ.